ಗ್ರಾಮೀಣಾಭಿವೃದ್ಧಿಯಲ್ಲಿ ಸ್ನಾತಕೋತ್ತರ ಪದವಿ: ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಗೆ ಅರ್ಜಿ ಮತ್ತು ಹಣಕಾಸಿನ ಸಮಗ್ರ ಮಾರ್ಗದರ್ಶಿ

ಹೋಟೆಲು, ಕ್ಯಾಂಟೀನು, ಬ್ಯಾಂಕಿನ ನೌಕರಿಗಳನ್ನು ನಂಬಿ ಮುಂಬಯಿಗೆ ಬಂದು ನೆಲೆನಿಂತ ಕನ್ನಡಿಗರ ಮನೆಯಲ್ಲಿ ಮಗಳೋ ಮಗನೋ ಗ್ರಾಮೀಣಾಭಿವೃದ್ಧಿಯಲ್ಲಿ ಎಂ.ಎ. ಮಾಡುತ್ತೇನೆ ಎಂದರೆ ಮೊದಲು ಕೇಳಿಬರುವ ಮಾತು, "ಊರು ಬಿಟ್ಟು ಇಲ್ಲಿಗೆ ಬಂದದ್ದು ಮತ್ತೆ ಊರಿನ ಪಾಠ ಓದಲಿಕ್ಕಾ?" ಎಂಬುದು. ಅದರ ಬೆನ್ನಿಗೇ ಬರುವುದು ದುಡ್ಡಿನ ಪ್ರಶ್ನೆ. ಮೊದಲನೆಯದಕ್ಕೆ ಉತ್ತರವನ್ನು ಆಯಾ ಮನೆಯವರೇ ಕಂಡುಕೊಳ್ಳಬೇಕು. ಈ ಬರಹ ಎರಡನೆಯ ಪ್ರಶ್ನೆಯನ್ನೂ ಅದಕ್ಕೆ ಹೆಣೆದುಕೊಂಡಿರುವ ಅರ್ಜಿಯ ಕೆಲಸವನ್ನೂ ಕುರಿತದ್ದು.

ಸಾಮಾನ್ಯವಾಗಿ ವಿದ್ಯಾರ್ಥಿಗಳು ಮೊದಲು ಕಾಲೇಜು ಆರಿಸಿ, ಪ್ರವೇಶ ಸಿಕ್ಕ ಮೇಲೆ ದುಡ್ಡಿನ ದಾರಿ ಹುಡುಕುತ್ತಾರೆ. ಹೊರನಾಡ ಕನ್ನಡಿಗರು ಈ ಕ್ರಮವನ್ನು ತಿರುಗಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಕೈಯಲ್ಲಿರುವುದು ಯಾವ ರಾಜ್ಯದ ಕಾಗದ ಎಂಬುದರ ಮೇಲೆ ಯಾವ ವಿದ್ಯಾರ್ಥಿವೇತನ, ಯಾವ ಮೀಸಲಾತಿ, ಯಾವ ಶುಲ್ಕ ವಿನಾಯಿತಿ ಎಂಬುದೆಲ್ಲ ನಿಂತಿದೆ. ಆದ್ದರಿಂದ ಪದವಿಯ ಕೊನೆಯ ವರ್ಷ ಶುರುವಾಗುವ ಜೂನ್, ಜುಲೈ ತಿಂಗಳಲ್ಲೇ ಕಾಗದದ ಕೆಲಸಕ್ಕೆ ಕೈಹಾಕಬೇಕು.

ಮೊದಲ ಹೆಜ್ಜೆ: ನೀವು ಯಾವ ರಾಜ್ಯದವರು?

ಮುಂಬಯಿಯಲ್ಲೇ ಹುಟ್ಟಿ ಬೆಳೆದವರಿಗೆ ಇದು ವಿಚಿತ್ರ ಪ್ರಶ್ನೆಯೆನಿಸಬಹುದು, ಆದರೆ ಕಚೇರಿಗಳ ಲೆಕ್ಕ ಬೇರೆ. ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರಕ್ಕೆ ರಾಜ್ಯದಲ್ಲಿ 15 ವರ್ಷ ವಾಸವಾಗಿರುವುದಕ್ಕೆ ದಾಖಲೆ ಬೇಕು. ಶಾಲೆ ಬಿಟ್ಟ ಪ್ರಮಾಣಪತ್ರ, ಬಾಡಿಗೆ ಕರಾರು ಅಥವಾ ಮನೆಯ ವಿದ್ಯುತ್ ಬಿಲ್ಲು, ರೇಷನ್ ಕಾರ್ಡು, ಜನನ ಪ್ರಮಾಣಪತ್ರ ಇವುಗಳನ್ನು ಜೋಡಿಸಿ 'ಆಪ್ಲೆ ಸರ್ಕಾರ್' ಪೋರ್ಟಲ್‌ನಲ್ಲಿ ಅಥವಾ ತಹಶೀಲ್ದಾರರ ಕಚೇರಿಗೆ ಸೇರಿದ ಸೇತು ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಬಾಡಿಗೆಯ ಖೋಲಿಗಳನ್ನು ಬದಲಿಸುತ್ತ ಬಂದ ಕುಟುಂಬಕ್ಕೆ 15 ವರ್ಷದ ಕೊಂಡಿ ಕೂಡಿಸುವುದು ಸುಲಭವಲ್ಲ. ಒಂದನೇ ತರಗತಿಯಿಂದ ಕಾಲೇಜಿನವರೆಗಿನ ವ್ಯಾಸಂಗದ ದಾಖಲೆಗಳು ಅಂಥವರ ನೆರವಿಗೆ ಬರುತ್ತವೆ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದ್ದು, ಆ ಶಾಲೆ ಈಗ ಮುಚ್ಚಿದ್ದರೆ ಅಥವಾ ಬೇರೊಂದರಲ್ಲಿ ವಿಲೀನವಾಗಿದ್ದರೆ, ಅದರ ದಾಖಲೆ ಯಾವ ವಾರ್ಡಿನ ಶಿಕ್ಷಣ ಕಚೇರಿಯಲ್ಲಿದೆ ಎಂದು ಈಗಲೇ ವಿಚಾರಿಸಿಕೊಳ್ಳಿ. ಮೇ ತಿಂಗಳ ನೂಕುನುಗ್ಗಲಿನಲ್ಲಿ ಅದನ್ನು ಹುಡುಕಿಕೊಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಜಾತಿ ಪ್ರಮಾಣಪತ್ರದ ವಿಷಯ ಇನ್ನೂ ತೊಡಕಿನದು. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಪಡೆಯಲು 1950ರ ಆಗಸ್ಟ್ 10ಕ್ಕೂ, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6ಕ್ಕೂ, ವಿಮುಕ್ತ ಜಾತಿ ಮತ್ತು ಅಲೆಮಾರಿ ಪಂಗಡಗಳಿಗೆ 1961ರ ನವೆಂಬರ್ 21ಕ್ಕೂ, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13ಕ್ಕೂ ಮೊದಲು ಕುಟುಂಬದ ಹಿರಿಯರು ಈ ರಾಜ್ಯದಲ್ಲಿ ವಾಸವಿದ್ದರೆಂದು ತೋರಿಸಬೇಕಾಗುತ್ತದೆ. ಅಜ್ಜ 1950ರ ದಶಕದ ಕೊನೆಯಲ್ಲಿ ಕುಂದಾಪುರದಿಂದಲೋ ಕಲಬುರಗಿಯಿಂದಲೋ ಬಂದಿದ್ದರೆ ಪರಿಶಿಷ್ಟರ ಮಟ್ಟಿಗೆ ಆ ಗಡುವು ಆಗಲೇ ದಾಟಿತ್ತು. ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1990ರಲ್ಲಿ, ಅದೂ ಮುಂಬಯಿಯ ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಪ್ರಕರಣದಲ್ಲೇ, ಒಂದು ರಾಜ್ಯದಲ್ಲಿ ಪರಿಶಿಷ್ಟರೆನಿಸಿದವರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದ ಮಾತ್ರಕ್ಕೆ ಅಲ್ಲಿಯ ಮೀಸಲಾತಿಗೆ ಹಕ್ಕುದಾರರಾಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ಈ ತೀರ್ಪಿನ ನೆರಳು ಇಂದಿಗೂ ನಮ್ಮ ಮಕ್ಕಳ ಅರ್ಜಿಗಳ ಮೇಲಿದೆ.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ತಂದೆಗೆ ಕರ್ನಾಟಕದಲ್ಲಿ ಕೊಟ್ಟ ಜಾತಿ ಪ್ರಮಾಣಪತ್ರದ ಆಧಾರದ ಮೇಲೆ, ವಲಸೆ ಬಂದವರೆಂಬ ಷರಾದೊಂದಿಗೆ, ವಾಸದ ರಾಜ್ಯದ ಅಧಿಕಾರಿಯೇ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ ಮಾಡಿದೆ. ಅದು ಮಹಾರಾಷ್ಟ್ರದ ರಾಜ್ಯ ಸೌಲಭ್ಯಗಳಿಗೆ ನಡೆಯುವುದಿಲ್ಲ, ಆದರೆ ಕೇಂದ್ರದ ಮೀಸಲಾತಿ ನಿಯಮ ಪಾಲಿಸುವ ಸಂಸ್ಥೆಗಳಲ್ಲಿ ನಡೆಯುತ್ತದೆ. ಇದರಿಂದ ಒಂದು ಮುಖ್ಯ ತೀರ್ಮಾನ ಹೊರಡುತ್ತದೆ: ಅಜ್ಜನ ಕಾಲದ ದಾಖಲೆ ಇಲ್ಲದ ಮೀಸಲು ವರ್ಗದ ಹೊರನಾಡ ವಿದ್ಯಾರ್ಥಿಗೆ ರಾಜ್ಯ ವಿಶ್ವವಿದ್ಯಾಲಯದ ಕಾಲೇಜಿಗಿಂತ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್), ಐಐಟಿ, ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಂಥ (ಇಗ್ನೋ) ಕಡೆಗಳಲ್ಲಿ ಬಾಗಿಲು ಅಗಲವಾಗಿ ತೆರೆದಿದೆ. ಹಿಂದುಳಿದ ವರ್ಗದವರು ತಮ್ಮ ಸಮುದಾಯದ ಹೆಸರು ಕರ್ನಾಟಕದ ಕೇಂದ್ರ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ರಾಜ್ಯದ ಪಟ್ಟಿ, ಕೇಂದ್ರದ ಪಟ್ಟಿ ಎರಡೂ ಒಂದೇ ಅಲ್ಲ. ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಚಾಲ್ತಿಯ ಹಣಕಾಸು ವರ್ಷಕ್ಕೆ ಹೊಸದಾಗಿ ಮಾಡಿಸಬೇಕು.

ಆರ್ಥಿಕವಾಗಿ ದುರ್ಬಲ ವರ್ಗದ ಕೋಟಾಕ್ಕೆ ಕುಟುಂಬದ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಸಾಲದು. 5 ಎಕರೆ ಅಥವಾ ಹೆಚ್ಚಿನ ಕೃಷಿ ಜಮೀನು, 1000 ಚದರಡಿ ಅಥವಾ ಹೆಚ್ಚಿನ ಫ್ಲ್ಯಾಟು ಇದ್ದರೂ ಅರ್ಹತೆ ತಪ್ಪುತ್ತದೆ. ಮುಂಬಯಿಯ ಚಾಳಿನಲ್ಲಿದ್ದರೂ ಊರಿನ ಪಹಣಿಯಲ್ಲಿ ಅಪ್ಪನ ಹೆಸರಿಗೆ ಎಷ್ಟು ಎಕರೆ ಇದೆ ಎಂಬುದನ್ನು ನೋಡಿಯೇ ಅರ್ಜಿ ಹಾಕಿ.

ಇನ್ನು ಹೆಸರಿನ ರಗಳೆ. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಓದಿ ಬಂದವರ ಅಂಕಪಟ್ಟಿಯಲ್ಲಿ ಹೆಸರು, ಅದರ ಹಿಂದೆಯೋ ಮುಂದೆಯೋ ಒಂದೆರಡು ಇನಿಷಿಯಲ್ಲು. ಆಧಾರ್‌ನಲ್ಲಿ ಮೂರನೆಯ ರೂಪ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಾಲ್ಕನೆಯದು. ನೇರ ನಗದು ವರ್ಗಾವಣೆಯ ವಿದ್ಯಾರ್ಥಿವೇತನವು ಆಧಾರ್ ಜೋಡಿಸಿದ ಖಾತೆಗೇ ಬರುವುದರಿಂದ ಈ ಹೊಂದಾಣಿಕೆಯನ್ನು ಅರ್ಜಿಗೆ ಮೊದಲೇ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಮೂಲವೆಂದು ಹಿಡಿದು ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಅದಕ್ಕೆ ಸರಿಹೊಂದಿಸುವುದು ಸುಲಭ. ಅಂಕಪಟ್ಟಿಯನ್ನೇ ತಿದ್ದಿಸಲು ಹೊರಟರೆ ವರ್ಷ ಉರುಳೀತು.

ಎರಡನೆಯ ಹೆಜ್ಜೆ: ಯಾವ ಕೋರ್ಸು, ಎಲ್ಲಿ?

'ಗ್ರಾಮೀಣಾಭಿವೃದ್ಧಿ' ಎಂಬ ಹೆಸರಿನಡಿ ಸ್ವಭಾವದಲ್ಲಿ ಬೇರೆಬೇರೆಯಾದ ಪದವಿಗಳಿವೆ. ಸಮಾಜಕಾರ್ಯದ ಕಡೆ ವಾಲಿದ್ದು ಒಂದು, ಆಡಳಿತ ನಿರ್ವಹಣೆಯ ಕಡೆಗೆ ಇನ್ನೊಂದು, ತಂತ್ರಜ್ಞಾನದ ಕಡೆಗೆ ಮತ್ತೊಂದು. ಮುಂದಿನ ಕೆಲಸವೂ ಸಾಲ ತೀರಿಸುವ ಶಕ್ತಿಯೂ ಇದನ್ನೇ ಅವಲಂಬಿಸಿವೆ.

ಟಿಸ್ ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ ಸಂಸ್ಥೆ, ಅದರ ಮುಖ್ಯ ಆವರಣ ದೇವನಾರ್‌ನಲ್ಲಿದೆ. ಆದರೆ ಗ್ರಾಮೀಣಾಭಿವೃದ್ಧಿಗೆ ಮೀಸಲಾದದ್ದು ಅದರ ತುಳಜಾಪುರ ಆವರಣ. ನಮ್ಮ ಎಷ್ಟೋ ಮನೆಗಳಿಗೆ ತುಳಜಾಪುರವೆಂದರೆ ಕುಲದೇವತೆ ಅಂಬಾಭವಾನಿಯ ಕ್ಷೇತ್ರ. ಧಾರಾಶಿವ ಜಿಲ್ಲೆಯ ಆ ಬರಪೀಡಿತ ಸೀಮೆ ಗ್ರಾಮೀಣ ಅರ್ಥವ್ಯವಸ್ಥೆಯನ್ನು ಕಣ್ಣಾರೆ ಕಾಣಲು ತಕ್ಕ ಜಾಗವೂ ಹೌದು. ಸೊಲ್ಲಾಪುರ, ಅಕ್ಕಲಕೋಟೆ ಹತ್ತಿರದಲ್ಲೇ ಇರುವುದರಿಂದ ಕನ್ನಡ, ಮರಾಠಿ ಎರಡೂ ಬಲ್ಲವರಿಗೆ ಕ್ಷೇತ್ರಕಾರ್ಯದಲ್ಲಿ ಸಿಗುವ ಅನುಕೂಲವನ್ನು ಬೇರೆಯವರು ದುಡ್ಡು ಕೊಟ್ಟರೂ ಪಡೆಯಲಾರರು.

ಎಂಜಿನಿಯರಿಂಗ್ ಓದಿದವರು ಪವಯಿಯ ಐಐಟಿ ಬಾಂಬೆಯಲ್ಲಿರುವ 'ಸಿತಾರಾ' ಕೇಂದ್ರವನ್ನು ನೋಡಲೇಬೇಕು. ಗ್ರಾಮೀಣ ಪ್ರದೇಶಗಳಿಗೆ ಪರ್ಯಾಯ ತಂತ್ರಜ್ಞಾನ ರೂಪಿಸಲೆಂದು 1985ರಲ್ಲಿ ಹುಟ್ಟಿದ ಈ ಕೇಂದ್ರ ತಂತ್ರಜ್ಞಾನ ಮತ್ತು ಅಭಿವೃದ್ಧಿ ವಿಷಯದಲ್ಲಿ ಎಂ.ಟೆಕ್. ನಡೆಸುತ್ತದೆ. ಪ್ರವೇಶಕ್ಕೆ ಗೇಟ್ ಪರೀಕ್ಷೆಯ ಅಂಕ ಬೇಕು. ಗೇಟ್ ಮೂಲಕ ಬಂದು ಬೋಧನಾ ಸಹಾಯಕರಾಗುವವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ಹಣಕಾಸಿನ ದೃಷ್ಟಿಯಿಂದ ಈ ಪಟ್ಟಿಯಲ್ಲಿ ಇದಕ್ಕಿಂತ ಹಗುರವಾದ ದಾರಿ ಇನ್ನೊಂದಿಲ್ಲ.

ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮಾಡಿ ಸಮುದಾಯ ಅಭಿವೃದ್ಧಿಯಲ್ಲಿ ಪರಿಣತಿ ಪಡೆಯುವುದೂ ಒಂದು ದಾರಿ. ಮುಂಬಯಿಯಲ್ಲಿ 1955ರಿಂದ ಇರುವ ನಿರ್ಮಲಾ ನಿಕೇತನ, ಪುಣೆಯಲ್ಲಿ 1963ರಿಂದ ಇರುವ ಕರ್ವೆ ಸಮಾಜ ಸೇವಾ ಸಂಸ್ಥೆ ಎರಡೂ ರಾಜ್ಯ ವಿಶ್ವವಿದ್ಯಾಲಯಗಳಿಗೆ ಸೇರಿದವು. ಮನೆಯಿಂದಲೇ ಓಡಾಡಬಹುದಾದ್ದರಿಂದ ವಸತಿಯ ಖರ್ಚು ಉಳಿಯುತ್ತದೆ. ಗುಜರಾತಿನ ಆಣಂದದಲ್ಲಿ ವರ್ಗೀಸ್ ಕುರಿಯನ್ 1979ರಲ್ಲಿ ಕಟ್ಟಿದ 'ಇರ್ಮಾ' ನಿರ್ವಹಣಾ ಶಿಕ್ಷಣದ ಸಂಸ್ಥೆ. 2025ರಲ್ಲಿ ಅದು ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಯಿತು. ಶುಲ್ಕ ಭಾರವಾದರೂ ಹಾಲು ಒಕ್ಕೂಟ, ಗ್ರಾಮೀಣ ಹಣಕಾಸು ಕಂಪನಿಗಳಂಥ ಕಡೆ ಸಂಬಳದ ಕೆಲಸಕ್ಕೆ ಹೋಗಬೇಕೆನ್ನುವವರಿಗೆ ಅದು ಸರಿಹೊಂದುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಭಿವೃದ್ಧಿ ಎಂ.ಎ. ಪದವಿಗೆ ಅದರದೇ ಪ್ರವೇಶ ಪರೀಕ್ಷೆ ಇದೆ, ಮತ್ತು ಕುಟುಂಬದ ಆದಾಯ ನೋಡಿ ಶುಲ್ಕ, ವಸತಿಗೆ ನೆರವು ಕೊಡುತ್ತಾರೆ. ಜಾತಿ ಅಥವಾ ಡೊಮಿಸೈಲ್ ಕಾಗದದ ತೊಡಕಿನಲ್ಲಿ ಸಿಕ್ಕವರಿಗೆ ಇದು ದೊಡ್ಡ ಆಸರೆ. ಕನ್ನಡ ನಾಡಿಗೇ ಮರಳುವ ಮನಸ್ಸಿದ್ದರೆ ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯವಿದೆ.

ದುಡಿಯುತ್ತಲೇ ಓದಬೇಕಾದವರಿಗೆ ಇಗ್ನೋದ ಗ್ರಾಮೀಣಾಭಿವೃದ್ಧಿ ಎಂ.ಎ. ಇದೆ. ಜನವರಿ ಮತ್ತು ಜುಲೈ ಎರಡೂ ಅವಧಿಗಳಲ್ಲಿ ಪ್ರವೇಶವಿದ್ದು, ಮುಂಬಯಿ, ಪುಣೆ, ಪಣಜಿಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಎರಡು ವರ್ಷದ ಕೋರ್ಸನ್ನು ಗರಿಷ್ಠ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಶುಲ್ಕ ಎಷ್ಟು ಕಡಿಮೆಯೆಂದರೆ ಸಾಲದ ಮಾತೇ ಬರುವುದಿಲ್ಲ. ಅದನ್ನು ಎರಡನೆಯ ದರ್ಜೆಯ ಪದವಿಯೆಂದು ಮೂಗು ಮುರಿಯುವವರಿದ್ದಾರೆ. ಆದರೆ ಈಗಾಗಲೇ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿರುವವರಿಗೆ ಬಡ್ತಿಗಾಗಿ ಬೇಕಾದದ್ದು ಪದವಿಯಷ್ಟೇ ಆಗಿದ್ದರೆ, ಐದಾರು ಲಕ್ಷ ಸಾಲ ಮಾಡಿ ಬೇರೆಡೆ ಹೋಗುವುದರಲ್ಲಿ ಅರ್ಥವಿಲ್ಲ. ಪ್ರಬಂಧದ ಪ್ರಸ್ತಾವಕ್ಕೆ ಮೊದಲು ಒಪ್ಪಿಗೆ ಪಡೆಯಬೇಕೆಂಬ ನಿಯಮವನ್ನು ಮರೆತು ಕೊನೆಯ ವರ್ಷ ಪರದಾಡುವವರೇ ಹೆಚ್ಚು, ಅದೊಂದನ್ನು ಮೊದಲ ವರ್ಷದಲ್ಲೇ ಗಮನದಲ್ಲಿಡಿ.

ಮೂರನೆಯ ಹೆಜ್ಜೆ: ಪರೀಕ್ಷೆ ಮತ್ತು ದಿನಾಂಕ

ಟಿಸ್ 2023ರಿಂದ ತನ್ನ ಸ್ವಂತ ಪ್ರವೇಶ ಪರೀಕ್ಷೆಯನ್ನು ಬಿಟ್ಟು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನಡೆಸುವ ಸ್ನಾತಕೋತ್ತರ ಪದವಿಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಯುಇಟಿ-ಪಿಜಿ) ಅಂಕಗಳನ್ನು ತೆಗೆದುಕೊಳ್ಳುತ್ತಿದೆ. ಇದರ ನೋಂದಣಿ ಡಿಸೆಂಬರ್ ಅಥವಾ ಜನವರಿಯಲ್ಲಿ ತೆರೆಯುತ್ತದೆ, ಪರೀಕ್ಷೆ ಮಾರ್ಚ್‌ನಲ್ಲಿ. 2025ರ ಮಾದರಿಯಂತೆ 75 ಪ್ರಶ್ನೆಗಳಿಗೆ 90 ನಿಮಿಷ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ಇರುವವರೂ ಬರೆಯಬಹುದು. ಇಲ್ಲಿ ಅನೇಕರು ಎಡವುವುದು ಒಂದು ಕಡೆ: ಸಿಯುಇಟಿಗೆ ನೋಂದಾಯಿಸಿದ ಮಾತ್ರಕ್ಕೆ ಟಿಸ್‌ಗೆ ಅರ್ಜಿ ಹಾಕಿದಂತಾಗುವುದಿಲ್ಲ, ಸಂಸ್ಥೆಯ ಜಾಲತಾಣದಲ್ಲಿ ಪ್ರತ್ಯೇಕ ಅರ್ಜಿ ತುಂಬಿ ಶುಲ್ಕ ಕಟ್ಟಬೇಕು. ಯಾವ ಕಾರ್ಯಕ್ರಮಕ್ಕೆ ಯಾವ ಪ್ರಶ್ನೆಪತ್ರಿಕೆಯ ಸಂಕೇತ ಆರಿಸಬೇಕೆಂಬುದು ಆ ವರ್ಷದ ಕೈಪಿಡಿಯಲ್ಲಿರುತ್ತದೆ. ಹಿಂದಿನ ವರ್ಷದ ಸಂಕೇತವನ್ನು ಗೆಳೆಯರಿಂದ ಕೇಳಿ ತುಂಬಬೇಡಿ.

ನಾಲ್ಕನೆಯ ಹೆಜ್ಜೆ: ಉದ್ದೇಶ ಪತ್ರ

ಅಂಕಪಟ್ಟಿ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಅಭ್ಯರ್ಥಿಯನ್ನು ಎದ್ದು ಕಾಣಿಸುವುದು ಉದ್ದೇಶ ಪತ್ರ ಮತ್ತು ಸಂದರ್ಶನ. ನಗರದಲ್ಲಿ ಬೆಳೆದವರಿಗೆ ಇಲ್ಲಿ ಅಳುಕು: "ನಾನು ಹಳ್ಳಿಯನ್ನೇ ಸರಿಯಾಗಿ ನೋಡಿಲ್ಲವಲ್ಲ!" ಆಗ ಬರುವುದೇ "ಚಿಕ್ಕಂದಿನಿಂದಲೂ ನನಗೆ ಗ್ರಾಮೀಣ ಜನರ ಸೇವೆ ಮಾಡುವ ಹಂಬಲವಿದೆ" ಎಂಬಂಥ ಸಾಲು. ಇಂಥ ಸಾಲನ್ನು ಆಯ್ಕೆ ಸಮಿತಿಯವರು ಓದಿ ಓದಿ ಸುಸ್ತಾಗಿರುತ್ತಾರೆ.

ಅದರ ಬದಲು ಕಣ್ಣೆದುರಿನದ್ದನ್ನು ಬರೆಯಿರಿ. ಹೋಟೆಲಿನವರ ಮಗ ಹೀಗೆ ಬರೆಯಬಹುದು: "ನಮ್ಮ ಹೋಟೆಲಿನಲ್ಲಿ ಟೇಬಲ್ ಒರೆಸುವ ಇಬ್ಬರು ಹುಡುಗರು ಜೂನ್ ಬಂದೊಡನೆ ಊರಿಗೆ ಹೋಗಿ ನಾಟಿ ಮುಗಿಸಿಯೇ ಬರುತ್ತಾರೆ. ಆ ದಿನಗಳ ಸಂಬಳ ಹೋದರೂ ಗದ್ದೆ ಹಡಿಲು ಬೀಳಬಾರದೆಂದು ಮನೆಯವರು ಪಟ್ಟುಹಿಡಿಯುತ್ತಾರೆ. ಲಾಭವಿಲ್ಲದ ಬೇಸಾಯವನ್ನು ನಗರದ ಕೂಲಿ ಹೇಗೆ ಬದುಕಿಸಿಕೊಂಡು ಬರುತ್ತಿದೆ ಎಂಬುದನ್ನು ನಾನು ಅಧ್ಯಯನ ಮಾಡಬಯಸುತ್ತೇನೆ." ಇದರಲ್ಲಿ ಒಂದು ಅವಲೋಕನವಿದೆ, ಒಂದು ವಿರೋಧಾಭಾಸವಿದೆ, ಒಂದು ಪ್ರಶ್ನೆಯಿದೆ. ಗೋವಾದ ಝುವಾರಿನಗರದಲ್ಲಿ ಬೆಳೆದವರು ಬಾಗಲಕೋಟೆ, ವಿಜಯಪುರದ ಕಟ್ಟಡ ಕಾರ್ಮಿಕರು ಕಾರಹುಣ್ಣಿಮೆಯ ಹೊತ್ತಿಗೆ ಊರಿಗೆ ಮರಳುವುದನ್ನೂ, ಆ ಅಲೆದಾಟದಲ್ಲಿ ಮಕ್ಕಳ ಶಾಲೆ ಏನಾಗುತ್ತದೆ ಎಂಬುದನ್ನೂ ಬರೆಯಬಹುದು. ವಲಸೆಯ ಈ ತುದಿಯಲ್ಲಿ ನಿಂತವರಿಗೆ ಹಳ್ಳಿಯ ಅರ್ಥವ್ಯವಸ್ಥೆಯ ಅರ್ಧ ಭಾಗ ಆಗಲೇ ಗೊತ್ತಿರುತ್ತದೆ.

ಉಳಿದ ಅರ್ಧಕ್ಕೆ ಒಂದಿಷ್ಟು ಓಡಾಟ ಬೇಕು. ಮಹಾರಾಷ್ಟ್ರದಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಈ ದಿನಗಳಲ್ಲಿ ಗ್ರಾಮಸಭೆ ನಡೆಸುವ ರೂಢಿಯಿದೆ. ಲೋಕಲ್ ರೈಲು ಹಿಡಿದು ಪಾಲ್ಘರ್ ಕಡೆಗೋ, ಪುಣೆಯಿಂದ ಮುಳಶಿ, ವೆಲ್ಹೆ ಕಡೆಗೋ ಹೋಗಿ, ಸರಪಂಚರ ಅಥವಾ ಗ್ರಾಮಸೇವಕರ ಅನುಮತಿ ಕೇಳಿ ಹಿಂದೆ ಕುಳಿತು ಕೇಳಬಹುದು. ಹೋಗುವ ಮುನ್ನ ಆ ಪಂಚಾಯತಿಯ ಯೋಜನೆ, ಖರ್ಚುಗಳನ್ನು ಇ-ಗ್ರಾಮಸ್ವರಾಜ್ ಪೋರ್ಟಲ್‌ನಲ್ಲಿ ಓದಿಕೊಂಡು ಹೋದರೆ ಸಭೆಯಲ್ಲಿ ಯಾವ ಕೆಲಸದ ಮಾತು ಬಂತು, ಯಾವುದು ಬರಲೇ ಇಲ್ಲ, ಹೆಂಗಸರು ಎಲ್ಲಿ ಕುಳಿತಿದ್ದರು, ಕೋರಂ ಹೇಗೆ ಭರ್ತಿಯಾಯಿತು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಪಾಲ್ಘರ್, ರಾಯಗಡ ಜಿಲ್ಲೆಗಳ ಕಾತ್ಕರಿ ಆದಿವಾಸಿಗಳು ಇಟ್ಟಿಗೆ ಭಟ್ಟಿಗಳಿಗೆ ವಲಸೆ ಹೋಗುವ ವಿಷಯ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಜಮೀನಿನ ಹಕ್ಕು, ಆದಿವಾಸಿ ಪ್ರದೇಶಗಳ ಪಂಚಾಯತಿಗಳಿಗೆಂದು ಬಂದ 1996ರ ಪೆಸಾ ಕಾಯ್ದೆ ಇವೆಲ್ಲ ಮುಂಬಯಿಯಿಂದ ಒಂದು ಹಗಲಿನ ಅಳತೆಯಲ್ಲೇ ಜೀವಂತವಾಗಿರುವ ಸಂಗತಿಗಳು.

ಪತ್ರವನ್ನು ಇಂಗ್ಲಿಷಿನಲ್ಲಿ ಸಲ್ಲಿಸಬೇಕಾದರೂ ಮೊದಲ ಕರಡನ್ನು ಕನ್ನಡದಲ್ಲಿ ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಮನೆಯ ಮಾತಿನಲ್ಲಿ ಬರೆದಾಗ ಬೊಗಳೆ ತಾನಾಗಿ ಉದುರುತ್ತದೆ. ಶಿಫಾರಸು ಪತ್ರಕ್ಕೆ ದೊಡ್ಡ ಹುದ್ದೆಯವರನ್ನು ಹುಡುಕುವ ಬದಲು ನಿಮ್ಮ ಕೆಲಸ ಕಂಡ ಅಧ್ಯಾಪಕರನ್ನು ಒಂದು ತಿಂಗಳು ಮೊದಲೇ ಕೇಳಿ, ಅವರಿಗೆ ನಿಮ್ಮ ಕರಡಿನ ಪ್ರತಿಯನ್ನೂ ಕೊಡಿ.

ಸಂದರ್ಶನ ಇರುವ ಕಡೆ ಸಾಮಾನ್ಯವಾಗಿ ಪತ್ರದಲ್ಲಿ ಬರೆದದ್ದನ್ನೇ ಹಿಡಿದು ಕೆದಕುತ್ತಾರೆ. ಸಂವಿಧಾನದ 73ನೇ ತಿದ್ದುಪಡಿ ಪಂಚಾಯತಿಗಳಿಗೆ ಏನು ಕೊಟ್ಟಿತು, 1970ರ ದಶಕದ ಬರಗಾಲದಲ್ಲಿ ಮಹಾರಾಷ್ಟ್ರ ರೂಪಿಸಿದ ಉದ್ಯೋಗ ಖಾತ್ರಿ ಯೋಜನೆ 2005ರ ರಾಷ್ಟ್ರೀಯ ಕಾಯ್ದೆಗೆ ಹೇಗೆ ಮಾದರಿಯಾಯಿತು, ಮಹಾರಾಷ್ಟ್ರದ ಹಿವರೆ ಬಜಾರ್ ಹಳ್ಳಿಯ ನೀರಿನ ನಿರ್ವಹಣೆ ಬೇರೆ ಊರುಗಳಲ್ಲಿ ಏಕೆ ಸುಲಭವಾಗಿ ನಡೆಯಲಿಲ್ಲ ಇಂಥವನ್ನು ತಿಳಿದಿರಬೇಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರೆ ಅಂಕವೇನೂ ಹೋಗುವುದಿಲ್ಲ.

ಐದನೆಯ ಹೆಜ್ಜೆ: ದುಡ್ಡು

ಒಂದು ಹಾಳೆ ತೆಗೆದುಕೊಂಡು ಎರಡು ವರ್ಷದ ನಿಜವಾದ ಖರ್ಚನ್ನು ಬರೆಯಿರಿ. ಬೋಧನಾ ಶುಲ್ಕ, ವಸತಿ, ಊಟ ಎಲ್ಲರ ನೆನಪಿಗೂ ಬರುತ್ತವೆ. ಮರೆತುಹೋಗುವವು ಕ್ಷೇತ್ರಕಾರ್ಯದ ಪ್ರಯಾಣ, ಲ್ಯಾಪ್‌ಟಾಪು, ಮರಳಿ ಸಿಗುವ ಠೇವಣಿ, ರಜೆಯಲ್ಲಿ ಊರಿಗೆ ಬರುವ ಟಿಕೇಟು, ಕೊನೆಯ ಸೆಮಿಸ್ಟರಿನ ಕೆಲಸದ ಹುಡುಕಾಟ. ಆ ಮೊತ್ತದಲ್ಲಿ ಮೊದಲು ತಿರುಗಿಸಿ ಕೊಡಬೇಕಿಲ್ಲದ ಹಣವನ್ನು ಕಳೆಯಿರಿ. ಉಳಿದದ್ದಕ್ಕೆ ಮಾತ್ರ ಸಾಲ.

ತಿರುಗಿಸಿ ಕೊಡಬೇಕಿಲ್ಲದ ಹಣದಲ್ಲಿ ಮೊದಲನೆಯದು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಯವರಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಕೇಂದ್ರದ ದುಡ್ಡು ಸೇರಿದ್ದರೂ ಅದನ್ನು ಹಂಚುವುದು ವಿದ್ಯಾರ್ಥಿಯ ಮೂಲ ರಾಜ್ಯ. ಮಹಾರಾಷ್ಟ್ರದವರೆನಿಸಿಕೊಂಡವರು ಮಹಾಡಿಬಿಟಿ ಪೋರ್ಟಲ್‌ನಲ್ಲಿ, ಕರ್ನಾಟಕದವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮೊದಲ ಹೆಜ್ಜೆಯಲ್ಲಿ ಕಾಗದವನ್ನು ಅಷ್ಟು ಎಳೆದು ಹೇಳಿದ್ದು ಇದಕ್ಕಾಗಿಯೇ. ಇಲ್ಲಿಯ ಜಾತಿ ಪತ್ರವಿಲ್ಲ, ಅಲ್ಲಿಯ ವಾಸವಿಲ್ಲ ಎಂಬವರ ಪಾಡು ಅತ್ತ ದರಿ ಇತ್ತ ಪುಲಿ. ಅವರು ರಾಜ್ಯದ ಗಡಿ ಲೆಕ್ಕಿಸದ ನೆರವನ್ನೇ ನೆಚ್ಚಬೇಕು.

ಅಂಥದ್ದರಲ್ಲಿ ದೊಡ್ಡದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿರುವ ಸ್ನಾತಕೋತ್ತರ ವ್ಯಾಸಂಗದ ವಿದ್ಯಾರ್ಥಿವೇತನ. ದೇಶಕ್ಕೆ ವರ್ಷಕ್ಕೆ 10,000 ಸ್ಥಾನಗಳು, ತಿಂಗಳಿಗೆ 15,000 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು. ವಯಸ್ಸು 30ರೊಳಗಿದ್ದು, ತರಗತಿಗೆ ಹಾಜರಾಗಿ ಓದುವ ಕೋರ್ಸಿನ ಮೊದಲ ವರ್ಷದಲ್ಲಿರಬೇಕು. ಪದವಿಯ ಅಂಕಗಳೇ ಆಧಾರವಾದ್ದರಿಂದ ಕೊನೆಯ ಸೆಮಿಸ್ಟರನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಇದಲ್ಲದೆ ಮುಂಬಯಿಯ ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ನಮ್ಮ ಸಮುದಾಯ ಸಂಸ್ಥೆಗಳ ಶೈಕ್ಷಣಿಕ ನೆರವನ್ನು ಕೀಳಂದಾಜು ಮಾಡಬೇಡಿ. ಮೊತ್ತ ಸಣ್ಣದಿರಬಹುದು. ಆದರೆ ಸರ್ಕಾರದ ಹಣ ಬರುವ ಮೊದಲೇ ಅದು ಕೈಸೇರಬಹುದು, ಪರಿಚಯದವರು ಇರುವುದರಿಂದ ವಿಚಾರಿಸಿಕೊಳ್ಳುವುದೂ ಸುಲಭ.

ಸಾಲದ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ರಾಷ್ಟ್ರೀಯ ಶ್ರೇಯಾಂಕದ ಆಧಾರದ ಮೇಲೆ ಆರಿಸಿದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಪ್ರವೇಶ ಪಡೆದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯ ಪಡೆಯದವರಿಗೆ, 10 ಲಕ್ಷದವರೆಗಿನ ಸಾಲದ ಮೇಲೆ ಓದಿನ ಅವಧಿ ಮತ್ತು ಅದರ ಮೇಲಿನ ಒಂದು ವರ್ಷಕ್ಕೆ ಶೇಕಡಾ 3ರಷ್ಟು ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ಆದಾಯ 4.5 ಲಕ್ಷದೊಳಗಿದ್ದರೆ ಪೂರ್ತಿ ಬಡ್ಡಿಯ ಸಹಾಯಧನ ಕೊಡುವ ಇನ್ನೊಂದು ಯೋಜನೆ ಇದೆ. ಆದರೆ ಅದು ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಮಾತ್ರ. ನಿಮ್ಮ ಎಂ.ಎ. ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂದು ಬ್ಯಾಂಕಿನಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಪರಿಚಯದ ಸಹಕಾರಿ ಬ್ಯಾಂಕಿನಲ್ಲಿ ಬೇಗ ಸಾಲ ಸಿಗಬಹುದು, ಆದರೆ ಸಹಿ ಹಾಕುವ ಮೊದಲು ಈ ಬಡ್ಡಿ ಸಹಾಯಗಳು ಅಲ್ಲಿ ಅನ್ವಯಿಸುತ್ತವೆಯೇ ಎಂದು ಕೇಳುವುದು ಜಾಣತನ.

ಈಗ ಒಂದು ಲೆಕ್ಕ. ಶೇಕಡಾ 10ರ ಬಡ್ಡಿಗೆ 5 ಲಕ್ಷ ಸಾಲ, ವರ್ಷಕ್ಕೆ ಎರಡೂವರೆ ಲಕ್ಷದಂತೆ ಬಿಡುಗಡೆ ಎಂದಿಟ್ಟುಕೊಳ್ಳಿ. ಓದಿನ ಎರಡು ವರ್ಷ ಮತ್ತು ಮೇಲಿನ ಒಂದು ವರ್ಷ ಕಂತು ಇಲ್ಲ. ಆದರೆ ಸರಳ ಬಡ್ಡಿ ಮೊದಲ ವರ್ಷ ಬಿಡುಗಡೆಯಾದ ಹಣದ ಮೇಲೆ 75,000, ಎರಡನೆಯ ವರ್ಷದ್ದರ ಮೇಲೆ 50,000, ಒಟ್ಟು 1.25 ಲಕ್ಷ ಬೆಳೆದಿರುತ್ತದೆ. ಅದು ಅಸಲಿಗೆ ಸೇರಿದರೆ ಹತ್ತು ವರ್ಷದ ತೀರುವಳಿಗೆ ತಿಂಗಳ ಕಂತು ಸುಮಾರು 8,260 ರೂಪಾಯಿ. ಅದೇ ಬಡ್ಡಿಯನ್ನು ಮನೆಯವರು ಮೊದಲ ವರ್ಷ ತಿಂಗಳಿಗೆ 2,083, ಆಮೇಲೆ 4,167 ರೂಪಾಯಿಯಂತೆ ಆಗಾಗಲೇ ಕಟ್ಟಿದರೆ ಕಂತು ಸುಮಾರು 6,610ಕ್ಕೆ ಇಳಿಯುತ್ತದೆ. ಸ್ವಯಂಸೇವಾ ಸಂಸ್ಥೆಯ ಆರಂಭದ ಸಂಬಳದಲ್ಲಿ ತಿಂಗಳಿಗೆ 1,650 ರೂಪಾಯಿಯ ವ್ಯತ್ಯಾಸವೆಂದರೆ ಸಣ್ಣದಲ್ಲ. ಈ ಕ್ಷೇತ್ರಕ್ಕೆ ಹೋಗುವವರು ತಮ್ಮ ನಿರೀಕ್ಷಿತ ಸಂಬಳದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಿನ ಕಂತು ಬೀಳುವಷ್ಟು ಸಾಲ ಮಾಡಬಾರದು ಎಂಬುದು ನನ್ನ ನಿಲುವು. ಸಾಲ ಅದನ್ನು ಮೀರಿದರೆ ಹಳ್ಳಿಯಲ್ಲಿ ಕೆಲಸ ಮಾಡಬೇಕೆಂದು ಓದಿದವರು ಕಂತು ಕಟ್ಟಲಿಕ್ಕೆಂದೇ ನಗರದ ಕಂಪನಿ ಸೇರಬೇಕಾಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷದವರೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇರುವುದನ್ನೂ ನೆನಪಿಡಿ.

ಹೊರದೇಶಕ್ಕೆ ಹೋಗುವವರು

ಇದಕ್ಕೆ ಇನ್ನೂ ಒಂದು ವರ್ಷ ಮೊದಲು ಹೊರಡಬೇಕು, ಮತ್ತು ಕೆಲಸದ ಅನುಭವ ಇದ್ದರೆ ಮೇಲು. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ, ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿ ವಿಷಯದ ಕೋರ್ಸುಗಳಿಗೆ ಕೊಡುವ ನೆರವಿಗೂ ಎರಡು ವರ್ಷದ ಅನುಭವ ಬೇಕು. ಚೀವ್ನಿಂಗ್ ಪಡೆದವರು ಎರಡು ವರ್ಷಕ್ಕಾದರೂ ದೇಶಕ್ಕೆ ಮರಳಬೇಕು. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯ ಮುನ್ನಡೆಸುವ ಗ್ರಾಮೀಣಾಭಿವೃದ್ಧಿಯ ಅಂತರರಾಷ್ಟ್ರೀಯ ಸ್ನಾತಕೋತ್ತರ ಪದವಿಗೆ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕರೆ ತಿಂಗಳಿಗೆ 1,400 ಯೂರೋ. ಮುಂಬಯಿಯಲ್ಲೇ ಇರುವ ಜೆ.ಎನ್. ಟಾಟಾ ದತ್ತಿ 1892ರಿಂದ ಹೊರದೇಶದ ಓದಿಗೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ನರೋತ್ತಮ್ ಸೆಖ್ಸಾರಿಯಾ ಪ್ರತಿಷ್ಠಾನ, ಕೆ.ಸಿ. ಮಹೀಂದ್ರ ಟ್ರಸ್ಟ್‌ಗಳದು ಬಡ್ಡಿಯಿಲ್ಲದ ಸಾಲ. ಮೂರರ ಸಂದರ್ಶನವೂ ಕಠಿಣ. ಮೇಲೆ ಹೇಳಿದ ಉದ್ದೇಶ ಪತ್ರವೇ ಅಲ್ಲಿಯೂ ಬಂಡವಾಳ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದ್ದು, ಆದಾಯದ ಮಿತಿ 8 ಲಕ್ಷ, ವಯಸ್ಸಿನ ಮಿತಿ 35.

ಪ್ರವೇಶ ಸಿಕ್ಕ ಮೇಲೆ

ವಿದ್ಯಾರ್ಥಿವೇತನ ಮಂಜೂರಾಗುವುದು ಒಂದು, ಕೈಗೆ ಬರುವುದು ಇನ್ನೊಂದು. ನಡುವೆ ಒಂದು ಸೆಮಿಸ್ಟರೇ ಕಳೆಯಬಹುದು, ಅಷ್ಟರಲ್ಲಿ ಮೆಸ್ಸಿನ ಬಿಲ್ಲು ನಿಲ್ಲುವುದಿಲ್ಲ. ಈ ವಿಳಂಬ ಮತ್ತು ವಸತಿ, ಊಟದ ಶುಲ್ಕದ ರಿಯಾಯಿತಿ ಹಿಂತೆಗೆದುಕೊಂಡ ಪ್ರಶ್ನೆಯ ಮೇಲೆಯೇ 2018ರ ಫೆಬ್ರವರಿಯಲ್ಲಿ ಟಿಸ್‌ನ ವಿದ್ಯಾರ್ಥಿಗಳು ಮುಷ್ಕರ ಹೂಡಿದ್ದರು. ಆದ್ದರಿಂದ ಮೊದಲ ನಾಲ್ಕು ತಿಂಗಳ ಊಟ, ವಸತಿಯ ಹಣವನ್ನು ವಿದ್ಯಾರ್ಥಿವೇತನವೇ ಬರುವುದಿಲ್ಲವೆಂಬ ಲೆಕ್ಕದಲ್ಲಿ ಬೇರೆ ತೆಗೆದಿಡಿ. ಸಂಸ್ಥೆಯ ವಿದ್ಯಾರ್ಥಿ ನೆರವು ವಿಭಾಗಕ್ಕೆ ಮೊದಲ ವಾರದಲ್ಲೇ ಹೋಗಿ, ಮಂಜೂರಾತಿಗೆ ಕಾಯುವವರಿಗೆ ಶುಲ್ಕವನ್ನು ಕಂತಿನಲ್ಲಿ ಕಟ್ಟುವ ಅವಕಾಶವಿದೆಯೇ ಎಂದು ಲಿಖಿತ ಮನವಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬ್ಯಾಂಕು ಎರಡನೆಯ ವರ್ಷದ ಹಣ ಬಿಡುಗಡೆ ಮಾಡುವ ಮುನ್ನ ಮೊದಲ ವರ್ಷದ ಅಂಕಪಟ್ಟಿ ಮತ್ತು ಶುಲ್ಕದ ರಸೀದಿ ಕೇಳುತ್ತದೆ. ವಿದ್ಯಾರ್ಥಿವೇತನದ ನವೀಕರಣಕ್ಕೂ ಅವೇ ಬೇಕು, ಜೊತೆಗೆ ಹೊಸ ವರ್ಷದ ಆದಾಯ ಪ್ರಮಾಣಪತ್ರ. ಕ್ಷೇತ್ರಕಾರ್ಯಕ್ಕೆ ಹಳ್ಳಿಗೆ ಹೊರಟ ತಿಂಗಳಲ್ಲೇ ಈ ಗಡುವುಗಳು ಬೀಳುವ ಸಂಭವ ಹೆಚ್ಚಿರುವುದರಿಂದ, ಎಲ್ಲ ಕಾಗದಗಳ ಸ್ಕ್ಯಾನ್ ಪ್ರತಿಗಳನ್ನು ಫೋನಿನಲ್ಲಿಟ್ಟುಕೊಂಡು, ಇನ್ನೊಂದು ಕಟ್ಟನ್ನು ಮನೆಯಲ್ಲಿ ತಹಶೀಲ್ದಾರರ ಕಚೇರಿಗೆ ಓಡಾಡಬಲ್ಲ ಅಣ್ಣನದೋ ಅಕ್ಕನದೋ ಕೈಯಲ್ಲಿ ಕೊಟ್ಟು ಹೊರಡಿ.